ಡ್ಯಾಮೇಜ್ ಅಂದರೆ ನಮ್ಮದು

ಇಂಗ್ಲಿಷಿನಲ್ಲಿ ನಾನು ಮೊದಲು ಗುರುತು ಹಿಡಿದ ಅಕ್ಷರ ಎ ಅಲ್ಲ, ಡಿ. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಮಗ್ಗದ ಮನೆಯ ಮಕ್ಕಳೆಲ್ಲರದೂ ಇದೇ ಕತೆ. ಸಾಲೆಯ ಮುಖ ನೋಡುವ ಮೊದಲೇ ನಮಗೆ ಆ ಅಕ್ಷರ ಗೊತ್ತಿತ್ತು, ಏಕೆಂದರೆ ಅವ್ವಂದಿರ ಸೀರೆಯ ಮೂಲೆಯಲ್ಲಿ ಅದು ನೀಲಿ ಪೆನ್ಸಿಲ್ಲಿನಲ್ಲಿ ಬರೆದಿರುತ್ತಿತ್ತು. ಹೊಸ ಸೀರೆಯಲ್ಲಿ ಎದ್ದು ಕಾಣುವುದು, ನಾಲ್ಕು ಒಗೆತಕ್ಕೆ ಮಸುಕಾಗುವುದು, ಆಮೇಲೆ ಹುಡುಕಿದರೂ ಸಿಗದು. ಅವ್ವನ ಸೆರಗಿನ ತುದಿ ಹಿಡಿದು ಆ ಡಿ ಮೇಲೆ ಬೆರಳಾಡಿಸುತ್ತ ನಾನು ಎಷ್ಟೋ ಸಲ ನಿದ್ದೆ ಹೋಗಿದ್ದೇನೆ.

ಅಪ್ಪ ಕುಣಿಮಗ್ಗದ ಮೇಲೆ ಪಟ್ಟೇದ ಅಂಚಿನ ಸೀರೆ ನೇಯುತ್ತಿದ್ದ. ನೂಲು ಮಾಲಕನದು, ಸೀರೆಯೂ ಮಾಲಕನದು, ನಡುವಿನ ಬೆನ್ನುನೋವು ಮಾತ್ರ ಅಪ್ಪನದು. ಸೀರೆ ಮುಗಿದ ದಿನ ಅಪ್ಪ ಅದನ್ನು ಹಳೆಯ ಧೋತರದಲ್ಲಿ ಸುತ್ತಿ ಮಾಲಕನ ಮನೆಗೆ ಒಯ್ಯುತ್ತಿದ್ದ. ಅಲ್ಲಿ ಕಿಟಕಿಗೆ ಅಡ್ಡಲಾಗಿ ಒಂದು ಬಿದಿರಿನ ಗಳ. ಮಾಲಕ ಅದರ ಮೇಲೆ ಸೀರೆ ಎಳೆದು ಹಾಕಿ, ಬೆಳಕಿಗೆ ಹಿಡಿದು, ಗೇಣು ಗೇಣಾಗಿ ಸರಿಸುತ್ತ ನೋಡುತ್ತಿದ್ದ. ಎಳೆ ಬಿಟ್ಟಿದ್ದರೆ, ಎಣ್ಣೆಯ ಕಲೆ ಬಿದ್ದಿದ್ದರೆ, ಅಂಚು ಜೋಲಾಗಿದ್ದರೆ ಬಾಯಿ ಬಿಡದೆ ಕಿವಿಯ ಮೇಲಿನ ನೀಲಿ ಪೆನ್ಸಿಲ್ ತೆಗೆದು ಮೂಲೆಗೆ ಡಿ ಬರೆಯುತ್ತಿದ್ದ, ಡ್ಯಾಮೇಜ್ ಎಂದು. ಪಟ್ಟೇದ ಅಂಚನ್ನು ಎರಡೂ ಮಗ್ಗುಲಿಗೆ ಉಡಬಹುದು, ಒಳಗು ಹೊರಗು ಅನ್ನುವುದೇ ಅದಕ್ಕಿಲ್ಲ. ಹಾಗಾಗಿ ತಪ್ಪನ್ನು ತಿರುಗಿಸಿ ಮುಚ್ಚುವುದಕ್ಕೂ ದಾರಿಯಿರಲಿಲ್ಲ. ಡಿ ಬಿದ್ದ ಸೀರೆಯನ್ನು ಕೂಲಿಯ ಬದಲಿಗೆ ಅಪ್ಪ ವಾಪಸು ತರುತ್ತಿದ್ದ.

ಅದನ್ನು ಅವ್ವ ಉಡುತ್ತಿದ್ದಳು. ಅವ್ವ ಮಾತ್ರವಲ್ಲ, ಓಣಿಯ ಎಲ್ಲ ಹೆಣ್ಣುಮಕ್ಕಳೂ. ಊರ ಹೆಂಗಸರೆಲ್ಲ ನಮ್ಮ ಗಂಡಸರು ನೇಯ್ದ ಚಲೋ ಸೀರೆ ಉಟ್ಟು ಲಗ್ನಕ್ಕೆ ಹೋದರೆ, ನಮ್ಮ ಅವ್ವಂದಿರು ಅದೇ ಸೀರೆಯ ಕುಂಟು ಅಕ್ಕತಂಗಿಯರನ್ನು ಉಟ್ಟು ನೂಲು ಸುತ್ತುತ್ತಿದ್ದರು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಅದನ್ನು ನಾನು ಪುಸ್ತಕದಲ್ಲಿ ಓದುವ ಮೊದಲು ಮನೆಯಲ್ಲೇ ನೋಡಿದ್ದೆ. ಆದರೆ ಆಗ ಅದು ಕತ್ತಲೆ ಅಂತ ಯಾರಿಗೂ ಅನಿಸಿರಲಿಲ್ಲ. ‘ಚಲೋ ಇದ್ರ ಮಾಲಕಂದು, ಡ್ಯಾಮೇಜ್ ಇದ್ರ ನಮ್ಮದು’ ಎಂದು ಅವ್ವ ಹೇಳುತ್ತಿದ್ದಳು. ಅದರಲ್ಲಿ ದುಃಖವಿರಲಿಲ್ಲ, ದೂರಿರಲಿಲ್ಲ. ಎತ್ತಿನ ಗಾಡಿ ಎಡಗಡೆ ಹೋಗಬೇಕು ಅಂದ ಹಾಗೆ ಹೇಳುತ್ತಿದ್ದಳು.

ಹಾಗಾಗಿ ನಮ್ಮ ಮನೆಯಲ್ಲಿ ಡ್ಯಾಮೇಜ್ ಅನ್ನುವುದು ಕೆಟ್ಟ ಮಾತಾಗಿರಲಿಲ್ಲ. ಸೊಟ್ಟಾದ ತಂಬಿಗೆ ಡ್ಯಾಮೇಜ್, ಅದಕ್ಕೇ ಅದು ದೇವರ ಮುಂದೆ ಹೋಗದೆ ನಮ್ಮ ಬಚ್ಚಲಿಗೆ ಬರುತ್ತಿತ್ತು. ಹೆಂಚಿನ ಮೇಲೆ ಹರಿದ ರೊಟ್ಟಿ ಡ್ಯಾಮೇಜ್, ಅದಕ್ಕೇ ಅದು ಬಿಸಿಬಿಸಿಯಾಗಿ ಮೊದಲು ನಮ್ಮ ಕೈಗೆ ಬೀಳುತ್ತಿತ್ತು. ಎಂಟು ವರ್ಷದವಳಿದ್ದಾಗ ನಾನು ಮಗ್ಗದ ಕುಣಿಗೆ ಬಿದ್ದು ಮುಂದಿನ ಹಲ್ಲು ಮುರಿದುಕೊಂಡೆ. ಅವ್ವ ಅತ್ತಳು, ಹೆಣ್ಣುಹುಡುಗಿ ಮುಂದೆ ಹ್ಯಾಗೆ ಎಂದು. ಅಪ್ಪ ನನ್ನನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಇದು ಡ್ಯಾಮೇಜ್ ಆತು, ಇನ್ನ ಯಾರೂ ಒಯ್ಯಂಗಿಲ್ಲ, ನಮ್ಮನಿಯಾಗ ಉಳೀತೈತಿ ಎಂದು ನಕ್ಕ. ಆ ದಿನದಿಂದ ಆತ ನನ್ನನ್ನು ಕರೆದದ್ದೇ ಡ್ಯಾಮೇಜ್ ಎಂದು. ನನಗೆ ಅದಕ್ಕಿಂತ ಮುದ್ದಿನ ಹೆಸರು ಬೇರೆ ಇರಲಿಲ್ಲ.

ಕೆಟ್ಟದ್ದು ಸಾಲೆಯಲ್ಲಿ. ಐದನೆಯ ಇಯತ್ತೆಯಲ್ಲೋ ಆರನೆಯದರಲ್ಲೋ ಇಂಗ್ಲಿಷ್ ಪಾಠದಲ್ಲಿ ಆ ಮಾತು ಬಂತು. ಗುರುಗಳು ಅರ್ಥ ಕೇಳಿದರು. ಇಡೀ ವರ್ಗದಲ್ಲಿ ಗೊತ್ತಿದ್ದವಳು ನಾನೊಬ್ಬಳೇ ಎಂಬ ಸೊಕ್ಕಿನಿಂದ ಎದ್ದು ನಿಂತು, ಡ್ಯಾಮೇಜ್ ಅಂದ್ರ ಮನಿಯಾಗ ಅವ್ವ ಉಡೂ ಸೀರಿ ಅಂದೆ. ಲಕ್ಕಲಕಟ್ಟಿಯಿಂದ ಬರುತ್ತಿದ್ದ ಒಕ್ಕಲುತನದ ಮನೆಯ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗುರುಗಳೂ ನಕ್ಕು ಬೋರ್ಡಿನ ಮೇಲೆ ‘ಹಾನಿ, ಕೆಡುಕು’ ಎಂದು ಬರೆದರು. ನಗದೆ ಕೂತವರು ನಾವು ಮಗ್ಗದ ಮನೆಯ ನಾಲ್ಕೈದು ಮಂದಿ. ಅವತ್ತು ಮನೆಗೆ ಬಂದು ಅವ್ವನನ್ನು ನೋಡಿದಾಗ ಮೊದಲ ಸಲ ಅವಳ ಸೀರೆಯ ನಡುವೆ ಓಡಿದ ಬಿಟ್ಟ ಎಳೆಯ ಗೆರೆ ನನ್ನ ಕಣ್ಣಿಗೆ ಬಿತ್ತು. ಅಲ್ಲಿಯತನಕ ಅದು ಸೀರೆಯಾಗಿತ್ತು, ಅವತ್ತಿನಿಂದ ಹಾನಿ, ಕೆಡುಕು ಆಯಿತು.

ಆ ನಾಚಿಕೆ ನನ್ನೊಂದಿಗೇ ಬೆಳೆಯಿತು. ನಾನು ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡು ಹುಟ್ಟಿದವಳು, ಅದನ್ನು ಈಗಲೂ ಯಾರ ಮುಂದೆಯೂ ಅಲ್ಲಗಳೆಯುವುದಿಲ್ಲ. ಓದಿದೆ, ಮಾಸ್ತರಿಕೆಯ ನೌಕರಿ ಹಿಡಿದೆ, ರೋಣದಲ್ಲಿ ಸಂಬಂಧ ಕೂಡಿ ಬಂತು. ಲಗ್ನದ ದಿನ ಅವ್ವ ತನ್ನಲ್ಲಿದ್ದ ಡ್ಯಾಮೇಜುಗಳಲ್ಲೇ ಎಲ್ಲಕ್ಕಿಂತ ಚಲೋ ಡ್ಯಾಮೇಜ್ ಉಟ್ಟಿದ್ದಳು. ತಪ್ಪು ಎಲ್ಲಿದ್ದರೂ ಅದನ್ನು ನಿರಿಗೆಯ ಒಳಗೋ ಸೊಂಟದ ಮಡಿಕೆಗೋ ಬರುವಂತೆ ಉಡುವುದು ನಮ್ಮ ಓಣಿಯ ಹೆಂಗಸರ ವಿದ್ಯೆ. ಅವ್ವ ಅದರಲ್ಲಿ ಎಲ್ಲರಿಗೂ ಗುರು. ಆದರೆ ನಾನು ಕಾಲಿಗೆ ಬೀಳಲು ಬಗ್ಗಿದಾಗ ನಿರಿಗೆ ಸರಿದು ಆ ಗೆರೆ ಕಾಣಿಸಿತು. ಹಿಂದೆ ಬೀಗರ ಹೆಂಗಸರು ನಿಂತಿದ್ದರು.

"ಇವತ್ತ ಒಂದ ದಿನಾನೂ ಡ್ಯಾಮೇಜ್ ಉಟ್ಕೊಂಡ ಬಂದ್ಯಾ?" ಎಂದೆ. ಮೆಲ್ಲಗೆ ಅನ್ನಬೇಕೆಂದಿದ್ದೆ. ಸಿಟ್ಟಿಗೆ ಮೆಲ್ಲಗೆ ಬರುವುದಿಲ್ಲ.

ಅವ್ವ ನಕ್ಕಹಾಗೆ ಮಾಡಿ ಒಳಗೆ ಹೋದಳು. ನಮ್ಮ ಪಕ್ಕದ ಮನೆ ನೂಲಿಗೆ ಬಣ್ಣ ಹಾಕುವವರದು. ಆ ಮನೆಯ ಹಿರಿಯಳನ್ನು ಓಣಿಗೆ ಓಣಿಯೇ ಚಾಚಿ ಅನ್ನುತ್ತಿತ್ತು. ಅವ್ವ ಅವಳಿಂದ ಒಂದು ಹಸಿರು ರೇಶಿಮೆ ಸೀರೆ ಕಡ ತಂದು ಉಟ್ಟು ಬಂದಳು. ಆಮೇಲೆ ಲಗ್ನ ಮುಗಿಯುವತನಕ ಅವಳು ನೆಲದ ಮೇಲೆ ಕೂರಲಿಲ್ಲ, ಊಟದ ಪಂಕ್ತಿಗೆ ಬರಲಿಲ್ಲ, ಮಂದಿಯ ಸೀರೆಗೆ ಕಲೆ ಬಿದ್ದೀತೆಂದು ಎರಡೂ ಕೈ ಎದೆಗೆ ಹಚ್ಚಿಕೊಂಡು ಗೋಡೆಗೆ ನಿಂತಳು. ನನ್ನ ಲಗ್ನದ ಫೋಟೋದಲ್ಲಿ ಅವಳು ಹಾಗೇ ನಿಂತಿದ್ದಾಳೆ. ಅವಳು ಚಲೋ ಸೀರೆ ಉಟ್ಟಿರುವ ಫೋಟೋ ಅದೊಂದೇ, ಆ ಸೀರೆಯೂ ಅವಳದಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಎಷ್ಟು ಸಲ ಬೋರ್ಡಿನ ಮೇಲೆ ಬರೆದು ಕಲಿಸಿದ್ದೇನೋ, ಅಷ್ಟೂ ಸಲ ಆ ಹಸಿರು ಸೀರೆ ನೆನಪಾಗಿದೆ.

ಮುಂದೆ ಅಪ್ಪ ತೀರಿಕೊಂಡ. ಮಗ್ಗ ನಿಂತಿತು. ನನ್ನ ತಮ್ಮ ಟೆಂಪೊ ಹೊಡೆಯಲು ಹೋದವನು, ಅವನಿಗೆ ಲಾಳಿಯ ನಂಟು ಬರಲೇ ಇಲ್ಲ. ಅವ್ವ ಅವನ ಸಂಸಾರದ ಜೊತೆ ಹಳೆಯ ಮನೆಯಲ್ಲೇ ಇದ್ದಳು. ಮಗ್ಗದ ಮೇಲೆ ಅವನ ಹೆಂಡತಿ ಜೋಳದ ಚೀಲ ಇಡುತ್ತಿದ್ದಳು, ಮಕ್ಕಳ ಬಟ್ಟೆ ಒಣಹಾಕುತ್ತಿದ್ದಳು. ನಾನು ತಿಂಗಳಿಗೊಮ್ಮೆ ರೋಣದಿಂದ ಬಂದು ಹೋಗುತ್ತಿದ್ದೆ. ಬರುವಾಗ ಅಂಗಡಿಯಿಂದ ಸೀರೆ ತಂದರೆ ಅವ್ವ ಖುಷಿಯಿಂದ ತಗೊಂಡು, ಮರುತಿಂಗಳು ಬರುವಷ್ಟರಲ್ಲಿ ಸೊಸೆಗೋ ಓಣಿಯ ಬಾಣಂತಿಗೋ ಕೊಟ್ಟಿರುತ್ತಿದ್ದಳು. ಚಲೋ ಇತ್ತು, ಕೊಟ್ಟೆ ಅನ್ನುತ್ತಿದ್ದಳು. ಅವಳ ಮೈಮೇಲೆ ಮಾತ್ರ ಅಪ್ಪನ ಕಾಲದ ಡ್ಯಾಮೇಜುಗಳೇ. ಅವನ್ನು ನೋಡಿದಾಗಲೆಲ್ಲ ನನಗೆ ಲಗ್ನದ ದಿನ ಆಡಿದ ಮಾತು ನೆನಪಾಗುತ್ತಿತ್ತು. ತಪ್ಪಾಯಿತು ಅನ್ನಲು ಬಾಯಿ ಬರುತ್ತಿರಲಿಲ್ಲ, ಸಿಟ್ಟಿಗೆ ಮಾತ್ರ ಬರುವ ಬಾಯಿ ನನ್ನದು.

ಈ ನಡುವೆ ನನ್ನನ್ನು ಹೊಳೆಮಣ್ಣೂರಿನ ಸಾಲೆಗೆ ಹಾಕಿದರು. ಒಂದು ಮಳೆಗಾಲ ಮಲಪ್ರಭೆ ಊರೊಳಗೇ ಬಂತು. ನೀರು ಇಳಿದ ಮೇಲೆ ಬಿದ್ದ ಮನೆಗಳ ಪಟ್ಟಿ ಮಾಡಲು ಬಂದವರ ಜೊತೆ ನಮ್ಮನ್ನೂ ಓಡಾಡಿಸಿದರು. ಅಕ್ಷರ ದುಂಡಗಿದೆ ಎಂದು ಸುಣ್ಣದ ಕಡ್ಡಿ ನನ್ನ ಕೈಗೇ ಬಂತು. ಗೋಡೆ ಬಿರುಕು ಬಿಟ್ಟ ಮನೆಗೆಲ್ಲ ಡಿ ಬರೆಯಬೇಕು. ಬರೆಯುತ್ತ ಬರೆಯುತ್ತ ನನಗೆ ನಮ್ಮ ಮಾಲಕ ನೆನಪಾದ, ಅವನ ಕಿವಿಯ ಮೇಲಿನ ಪೆನ್ಸಿಲ್ ನೆನಪಾಯಿತು. ಒಬ್ಬ ಮುದುಕಿ, ಅಡಿಗೆಮನೆಯ ಗೋಡೆ ಪೂರ್ತಿ ಕುಸಿದಿತ್ತು, ಕೆಸರಿನಲ್ಲಿ ನಿಂತು ನಾನು ಬರೆದ ಅಕ್ಷರ ನೋಡಿ, ಇನ್ನ ಈ ಮನಿ ನಮ್ಮದ ಉಳೀತೈತೇನ್ರಿ ಎಂದು ಕೇಳಿದಳು. ಉಳೀತೈತಿ ಎಂದೆ. ಹಲ್ಲು ಮುರಿದ ದಿನ ಅಪ್ಪ ಹೇಳಿದ್ದ ಮಾತೇ ನನ್ನ ಬಾಯಿಂದ ಬಂದಿತ್ತು, ಆದರೆ ನನಗೆ ಅದರ ಮೇಲೆ ನಂಬಿಕೆಯಿರಲಿಲ್ಲ.

ಕಳೆದ ವರ್ಷದ ಚಳಿಗಾಲದಲ್ಲಿ ಅವ್ವನ ಕಾಲು ಬಾತವು. ಸಕ್ಕರೆ ಕಾಯಿಲೆ ಮೊದಲೇ ಇತ್ತು, ಕಣ್ಣು ಆಗಲೇ ಮಂಜಾಗಿದ್ದವು, ಮುಖ ಗುರುತು ಹಿಡಿಯಲು ಹತ್ತಿರ ಕರೆಯುತ್ತಿದ್ದಳು. ನರಗುಂದದ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಕಾಗದ ನೋಡಿ, ಎರಡೂ ಕಿಡ್ನಿ ಡ್ಯಾಮೇಜ್ ಆಗಿವೆ, ಈ ವಯಸ್ಸಿನಲ್ಲಿ ಹೆಚ್ಚು ತ್ರಾಸು ಕೊಡುವುದು ಬೇಡ, ಇದ್ದಷ್ಟು ದಿನ ಚೆನ್ನಾಗಿ ನೋಡಿಕೊಳ್ಳಿ ಎಂದು ನನಗೊಬ್ಬಳಿಗೇ ಹೇಳಿದರು. ನನಗೊಬ್ಬಳಿಗೇ ಹೇಳಿದರೂ ಅವ್ವ ಬಾಗಿಲ ಹತ್ತಿರ ಕೂತು ಕೇಳಿಸಿಕೊಂಡಿದ್ದಳು. ಬಸ್ಸಿನಲ್ಲಿ ನನ್ನ ಕೈ ಹಿಡಿದು, ಡ್ಯಾಮೇಜ್ ಅಂದ್ರ ಏನಾತ, ಮನಿಯಾಗ ನಡೀತಾವ ಬಿಡ ಎಂದಳು. ನಾನು ಕಿಟಕಿಯ ಕಡೆ ತಿರುಗಿ ಅತ್ತೆ. ಅಳುತ್ತ ಇರುವಾಗಲೇ ಒಂದು ಹಟ ಹುಟ್ಟಿತು. ಇವಳು ಸಾಯುವುದರೊಳಗೆ ಒಂದಾದರೂ ಡಿ ಇಲ್ಲದ ಸೀರೆ, ಇವಳದೇ ಆದದ್ದು, ಇವಳ ಮೈಮೇಲೆ ಬೀಳಬೇಕು. ಅಂಗಡಿಯದಾದರೆ ಯಾರಿಗಾದರೂ ಕೊಟ್ಟುಬಿಡುತ್ತಾಳೆ. ನಾನೇ ನೇಯುತ್ತೇನೆ ಎಂದುಕೊಂಡೆ.

ಬೇಸಿಗೆ ರಜೆ ಬಿದ್ದ ಮರುದಿನವೇ ಗಜೇಂದ್ರಗಡಕ್ಕೆ ಬಂದೆ. ತಮ್ಮ ನಕ್ಕ. ಇಡೀ ಪೇಟೆಯಲ್ಲಿ ಸೀರೆ ತುಂಬಿ ಬಿದ್ದಾವ, ನಿನಗೇನು ಹುಚ್ಚೇನು ಎಂದ. ನಾನು ಜೋಳದ ಚೀಲಗಳನ್ನು ನಾನೇ ಎಳೆದು ಕೆಳಗೆ ಹಾಕಿದೆ. ಹುಡುಗಿಯಾಗಿದ್ದಾಗ ಅಪ್ಪನ ಕೈಕೆಳಗೆ ಕೂತು ನೇಯ್ದದ್ದು ಕೈಗೆ ನೆನಪಿತ್ತು, ಬೆನ್ನಿಗೆ ಇರಲಿಲ್ಲ. ಚಾಚಿಗೂ ಈಗ ವಯಸ್ಸಾಗಿದೆ, ಮಕ್ಕಳು ಬಣ್ಣದ ಒಲೆ ಹಚ್ಚುವುದು ಅಪರೂಪ. ಆದರೂ ನನಗಾಗಿ ಅವಳೇ ಕೂತು ನೂಲಿಗೆ ನೇರಳೆ ಬಣ್ಣ ಹಾಕಿಸಿದಳು, ಅಂಚಿಗೆ ಅರಿಶಿನದ ಬಣ್ಣ. ಓಣಿಯಲ್ಲಿ ಉಳಿದಿದ್ದ ಒಬ್ಬರು ಹಳೆಯ ನೇಕಾರರು ಮಗ್ಗಕ್ಕೆ ಹಾಸಿನ ಉದ್ದ ಎಳೆ ಹೂಡಿಕೊಟ್ಟರು, ಎರಡು ಸೀರೆಗಾಗುವಷ್ಟು. ಯಾರಿಗೆಂದು ಅವ್ವನಿಗೆ ಹೇಳಬೇಡಿ ಎಂದು ಎಲ್ಲರಿಗೂ ಹೇಳಿಟ್ಟಿದ್ದೆ.

ಅವ್ವ ದಿನವೂ ಮಗ್ಗದ ಪಕ್ಕ ಚಾಪೆ ಹಾಸಿಕೊಂಡು ಕೂರುತ್ತಿದ್ದಳು. ಕಣ್ಣು ಕಾಣದಿದ್ದರೂ ಕಿವಿಗೆ ಎಲ್ಲ ಕಾಣುತ್ತಿತ್ತು. ಲಾಳಿಯ ಸಪ್ಪಳ ಒಂದಿಷ್ಟು ಬದಲಾದರೆ, ಎಳಿ ಹರೀತು ನೋಡ ಅನ್ನುವಳು. ನೋಡಿದರೆ ಹರಿದಿರುತ್ತಿತ್ತು. ನಲವತ್ತು ವರ್ಷ ಅಪ್ಪನ ಮಗ್ಗದ ಪಕ್ಕ ಲಾಳಿಗೆ ನೂಲಿನ ಕಂಡಿಕೆ ಸುತ್ತಿದವಳು, ಆ ಸಪ್ಪಳ ಅವಳಿಗೆ ಉಸಿರಿನ ಹಾಗೆ ಗೊತ್ತಿತ್ತು. ಮಗ್ಗ ಮತ್ತೆ ಮಾತಾಡಿದ್ದಕ್ಕೆ ಅವಳ ಮುಖಕ್ಕೆ ಕಳೆ ಬಂದಿತ್ತು. ಮಾಲಕ ಮತ್ತ ಕೆಲಸ ಕೊಟ್ಟನೇನ ಎಂದು ಕೇಳಿದಳು. ಮಾಲಕ ಸತ್ತು ಹದಿನೈದು ವರ್ಷ, ಅವನ ಮನೆಯಲ್ಲಿ ಈಗ ಮೊಬೈಲ್ ಅಂಗಡಿ, ಆದರೆ ಅವ್ವನಿಗೆ ಈಗೀಗ ಹಿಂದಿನದು ಇಂದಿನದು ಕಲಸಿಹೋಗುತ್ತಿತ್ತು. ನಾನು ಹೂಂ ಎಂದೆ.

ಮೊದಲ ಸೀರೆ ಕೆಟ್ಟಿತು. ಒಂದಲ್ಲ ಎರಡಲ್ಲ, ಗೇಣಿಗೊಂದು ತಪ್ಪು. ಸಿಟ್ಟಿನಿಂದ ಮೂಲೆಗೆ ಬಿಸಾಡಿದೆ. ಅವ್ವ ತಡಕಾಡಿ ಅದನ್ನು ಎತ್ತಿಕೊಂಡು, ಮಡಿಚಿ, ಇದು ನಂದಾತು ಎಂದು ಸಂಜೆಯೇ ಉಟ್ಟುಬಿಟ್ಟಳು. ಅವಳು ಅಷ್ಟು ಸಂತೋಷಪಟ್ಟದ್ದನ್ನು ನೋಡಿಯೂ ನನಗೆ ಬುದ್ಧಿ ಬರಲಿಲ್ಲ. ಎರಡನೆಯದಕ್ಕೆ ಕೂತೆ. ದಿನಕ್ಕೆ ಒಂದು ಮೊಳ ನೇಯ್ದರೆ ಹೆಚ್ಚು. ಹರಿದ ಎಳೆಗೆಲ್ಲ ಗಂಟು ಹಾಕಿ, ಗಂಟು ಕಾಣದಂತೆ ಒತ್ತಿ, ಅವ್ವನ ಕಿವಿ ಮತ್ತು ನನ್ನ ಕಣ್ಣು ಕೂಡಿ ಆ ಸೀರೆ ಮುಗಿಯಿತು. ಮುಗಿದ ದಿನ ಕಿಟಕಿಯ ಬೆಳಕಿಗೆ ಹಿಡಿದು ಮಾಲಕನ ಹಾಗೆಯೇ ಗೇಣು ಗೇಣಾಗಿ ನೋಡಿದೆ. ಒಂದು ಎಳೆಯೂ ತಪ್ಪಿರಲಿಲ್ಲ. ಅಪ್ಪನೂ ಇಂಥ ಸೀರೆ ನೇಯ್ದದ್ದು ಕಡಿಮೆ ಎಂದು ನನಗೇ ಅನಿಸಿ ಹೆಮ್ಮೆಪಟ್ಟೆ.

ಮರುದಿನ ಬೆಳಿಗ್ಗೆ ಅವ್ವನಿಗೆ ನೀರು ಹಾಕಿ ಹೊಸಲಿನ ಹತ್ತಿರ ಕೂರಿಸಿ ಸೀರೆಯನ್ನು ತೊಡೆಯ ಮೇಲೆ ಇಟ್ಟೆ. ಅವಳು ಸೆರಗಿನಿಂದ ಶುರುಮಾಡಿ ಬೆರಳು ಆಡಿಸುತ್ತ ಹೋದಳು. ಒಡಲು, ಅಂಚು, ಮತ್ತೆ ಒಡಲು. ಅರ್ಧ ತಾಸು ಹಿಡಿಯಿತು. ಕೊನೆಯ ಮೂಲೆಗೆ ಬಂದು, ಒಂದೂ ಇಲ್ಲ ಎಂದಳು. ಇಲ್ಲವ್ವ, ಇದು ನಿನಗ, ನಿನ್ನ ಸಲುವಾಗಿ ನೇಯ್ದೇನಿ, ಏಳು ಉಡಸ್ತೇನಿ ಎಂದೆ. ಅವಳು ನನ್ನ ಚೇಷ್ಟೆಗೆ ನಕ್ಕಳು. ಇಷ್ಟು ಚಲೋ ಐತಿ, ಇದು ಮಾಲಕಂದು ಎಂದು ಹೇಳಿ ಹಳೆಯ ಧೋತರ ಕೇಳಿ ತರಿಸಿಕೊಂಡು, ಅಪ್ಪ ಸುತ್ತುತ್ತಿದ್ದ ಹಾಗೆಯೇ ಸುತ್ತಿ, ಬಾಗಿಲ ಪಕ್ಕದ ಗೂಡಿನಲ್ಲಿ ಇಟ್ಟಳು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ. ಬೆಳಿಗ್ಗೆ ಎದ್ದವಳೇ, ಸೀರಿ ಕೊಟ್ಟ ಬಂದ್ಯೇನ ಎಂದು ಕೇಳುವಳು. ಇಲ್ಲ ಎಂದರೆ ಗಾಬರಿಯಾಗುವಳು. ಮಂದಿಯ ಮಾಲು ಮನೆಯಲ್ಲಿದ್ದರೆ ಕಲೆ ಬಿದ್ದೀತು, ಇಲಿ ಕಡಿದೀತು, ಲಗೂ ಕೊಟ್ಟ ಬಾ ಅನ್ನುವಳು. ನಾನು ತಿಳಿಸಿ ಹೇಳಿದೆ, ಗದರಿದೆ, ಒಂದು ದಿನ ಜೋರಾಗಿ ಒದರಿದೆ ಕೂಡ. ಕೊನೆಗೆ ಅವಳ ಕಾಲ ಹತ್ತಿರ ಕೂತು, ಇಪ್ಪತ್ತಾರು ವರ್ಷ ಒಳಗೇ ಇಟ್ಟುಕೊಂಡದ್ದನ್ನು ಹೇಳಿಬಿಟ್ಟೆ. ಲಗ್ನದ ದಿನ ನಾ ಅಂದದ್ದು ತಪ್ಪಾತವ್ವ, ಅದಕ್ಕ ಇದನ್ನ ನೇಯ್ದೇನಿ ಎಂದೆ.

ಅವಳು ನೆನಪು ಮಾಡಿಕೊಂಡಳು. "ಆ ಹಸರ ಸೀರಿ ಒಗದು ಇಸ್ತ್ರಿ ಮಾಡಿ ಮರುದಿನಾನ ಚಾಚಿಗೆ ಕೊಟ್ಟೇನಿ. ನೀ ಕಾಳಜಿ ಮಾಡಬ್ಯಾಡ" ಎಂದಳು.

ನಾನು ಅಂದ ಮಾತು ಅವಳಿಗೆ ನೆನಪಿತ್ತೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಸಾಲೆ ಶುರುವಾಗಲು ವಾರವಿತ್ತು. ಅವ್ವನ ಮುಖವೂ ಬಾತಿತ್ತು, ಅನ್ನ ಒಳಗೆ ಹೋಗುತ್ತಿರಲಿಲ್ಲ. ನಾನು ಕಟ್ಟೆಯ ಮೇಲೆ ಕೂತು ಅಳುವಾಗ ಚಾಚಿ ಬಂದು ಪಕ್ಕದಲ್ಲಿ ಕೂತಳು. ಅವಳಿಗೆ ಮುಚ್ಚಿಟ್ಟು ಮಾತಾಡಿ ಗೊತ್ತಿಲ್ಲ. "ಆಕಿ ಅದನ್ನ ಉಡಂಗಿಲ್ಲ ಬೇಟಿ. ಅದು ತನ್ನದು ಅಂತ ಹಿಡಕೊಳ್ಳಾಕ ಆಕಿಗೆ ಅದರಾಗ ಏನೂ ಇಲ್ಲ" ಎಂದಳು.

ಆಗ ನನಗೆ ತಿಳಿಯಿತು. ಮಧ್ಯಾಹ್ನ ಅವ್ವ ಮಲಗಿದ್ದಾಗ ಗೂಡಿನಿಂದ ಗಂಟು ಇಳಿಸಿದೆ. ಸೆರಗನ್ನು ತೊಡೆಯ ಮೇಲೆ ಹರವಿ, ಸೂಜಿಯ ತುದಿಯಿಂದ ಹೊಕ್ಕಿನ ಒಂದು ಅಡ್ಡ ಎಳೆ ಎತ್ತಿದೆ. ನೇಕಾರನ ಮಗಳು ನಾನು. ನೇಯ್ದ ಬಟ್ಟೆಯ ಮೇಲೆ ಕಾಲಿಟ್ಟರೂ ಕಣ್ಣಿಗೆ ಒತ್ತಿಕೊಳ್ಳುವ ಮನೆಯಲ್ಲಿ ಬೆಳೆದವಳು. ಕತ್ತರಿ ಹಿಡಿದ ಕೈ ಮೂರು ಸಲ ಹಿಂದೆ ಬಂತು. ನಾಲ್ಕನೆಯ ಸಲ ಕತ್ತರಿಸಿ, ಗೇಣುದ್ದ ಎಳೆಯನ್ನು ಹೊರಗೆ ಎಳೆದೆ. ನೇರಳೆ ಬಣ್ಣದ ನಡುವೆ ಒಂದು ತೆಳು ಗೆರೆ ಉಳಿಯಿತು. ಆ ಎಳೆಯನ್ನು ಬೆರಳಿಗೆ ಸುತ್ತಿಕೊಂಡೆ.

ಅವ್ವ ಎದ್ದ ಮೇಲೆ ಚಹಾ ಕುಡಿಸಿ, ಆದಷ್ಟು ಸಹಜವಾಗಿ ಹೇಳಿದೆ. ಸೀರೆ ಕೊಟ್ಟುಬರಲು ಹೋಗಿದ್ದೆ, ಮಾಲಕ ಹೊಳ್ಳಿ ಕಳಿಸಿದ, ಡ್ಯಾಮೇಜ್ ಐತಂತ ಎಂದೆ. ಅವಳ ಹುಬ್ಬು ಮೇಲೆ ಹೋದವು. ಎಲ್ಲಿ ತಾ ಇಲ್ಲೆ ಎಂದು ಸೀರೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಬೆರಳುಗಳು ಹೊರಟವು. ಸೆರಗಿನ ನಡುವೆ ಬಂದು ನಿಂತವು, ಹಿಂದೆ ಹೋದವು, ಮತ್ತೆ ಮುಂದೆ ಬಂದವು. ಗೆರೆಯ ಎರಡೂ ತುದಿಯನ್ನು ಉಗುರಿನಿಂದ ಮುಟ್ಟಿ ನೋಡಿದಳು.

"ಇದು ಮಗ್ಗದಾಗ ಬಿಟ್ಟ ಎಳಿ ಅಲ್ಲ" ಎಂದಳು. "ಇದು ಸೂಜಿದು."

ಅವಳು ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡಳು. ಬೆರಳಿಗೆ ಸುತ್ತಿದ್ದ ಎಳೆ ಅವಳ ಕೈಗೆ ಸಿಕ್ಕಿತು. ಅದನ್ನು ಬಿಚ್ಚಲಿಲ್ಲ, ಅದರ ಮೇಲೆಯೇ ಹೆಬ್ಬೆರಳು ಇಟ್ಟಳು. ಹೊರಗೆ ತಮ್ಮನ ಟೆಂಪೊ ಬಂದು ನಿಂತ ಸಪ್ಪಳ ಕೇಳಿಸಿತು.

"ನಿಮ್ಮಪ್ಪ ಇದ್ದಿದ್ರ ನಿನ್ನ ಕೈ ಮುರೀತಿದ್ದ" ಎಂದಳು. ಆಮೇಲೆ ಗೋಡೆ ಹಿಡಿದು ಏಳಲು ನೋಡಿದಳು. "ಹೂಂ, ಉಡಸ."

ಅವಳನ್ನು ನಿಲ್ಲಿಸಿ, ನಾನು ಉಡಿಸಿದೆ. ಅವಳ ಸೊಂಟ ನನ್ನ ಎರಡು ಕೈಯ ಅಳತೆಯಷ್ಟೇ ಉಳಿದಿತ್ತು. ನಿರಿಗೆ ಹಿಡಿದು ಸಿಕ್ಕಿಸಿ, ಸೆರಗು ಹೊದಿಸುವಾಗ ಅಭ್ಯಾಸದಂತೆ ಆ ಗೆರೆಯನ್ನು ಮಡಿಕೆಯ ಒಳಗೆ ಹಾಕಲು ಹೋದೆ. ಅವ್ವ ನನ್ನ ಕೈ ಸರಿಸಿದಳು. ಮುಚ್ಚಬ್ಯಾಡ, ಹೊರಗ ಇರಲಿ ಎಂದಳು. ಜೀವಮಾನವೆಲ್ಲ ತಪ್ಪುಗಳನ್ನು ನಿರಿಗೆಯಲ್ಲಿ ಬಚ್ಚಿಟ್ಟವಳು ಆ ಒಂದನ್ನು ಎದೆಯ ಮೇಲೆ ಹಾಕಿಕೊಂಡಳು. ಚಾಚಿ ನೋಡಲು ಬಂದಾಗ ಅದನ್ನೇ ಮುಟ್ಟಿ ತೋರಿಸಿ, ನನ್ನ ಮಗಳು ಮಾಡಿದ್ದು ಎಂದು ಹೇಳಿದಳು. ಸೀರೆ ನೇಯ್ದದ್ದನ್ನು ಹೇಳಿದಳೋ, ಎಳೆ ತೆಗೆದದ್ದನ್ನು ಹೇಳಿದಳೋ, ನಾನು ಕೇಳಲಿಲ್ಲ.

ಒಂಬತ್ತು ದಿನ ಉಟ್ಟಳು. ನಡುವೆ ಒಮ್ಮೆ ಒಗೆದು ಒಣಗಿಸುವತನಕ ಕಾದು ಮತ್ತೆ ಅದನ್ನೇ ಉಟ್ಟಳು. ಸಾಲೆಗೆ ರಜೆ ಹಾಕಿ ನಾನು ಅಲ್ಲೇ ಉಳಿದೆ. ಹತ್ತನೆಯ ದಿನ ಬೆಳಿಗ್ಗೆ ಗಂಜಿ ತಂದಾಗ ಅವ್ವನಲ್ಲಿ ಉಸಿರಿರಲಿಲ್ಲ. ಎಡಗೈ ಆ ಗೆರೆಯ ಮೇಲೆಯೇ ಇತ್ತು.

ಮನೆ ತುಂಬ ಮಂದಿ ಸೇರಿದರು. ಮೈ ತೊಳೆಯುವಾಗ ನಾನು ಅವಳಿಗೆ ಅದೇ ಸೀರೆ ಇರಲಿ ಎಂದೆ. ಹಿರಿಯ ಹೆಂಗಸರು ಒಪ್ಪಲಿಲ್ಲ. ಹೆಣಕ್ಕೆ ಎಳೆ ಹರಿದ ಬಟ್ಟೆ ಹಾಕಬಾರದು, ಅಖಂಡವಾಗಿರಬೇಕು, ಹೊಸದಾಗಿರಬೇಕು ಎಂದರು. ತಮ್ಮ ಪೇಟೆಗೆ ಓಡಿದ. ಅವನು ತಂದದ್ದು ದುಬಾರಿಯದು, ಹೊಳೆಯುವ ಅಂಚಿನದು, ಒಂದು ತಪ್ಪೂ ಇಲ್ಲದ್ದು. ಐವತ್ತು ವರ್ಷ ಈ ಓಣಿಯಲ್ಲಿ ಆಕೆ ಡಿ ಬರೆದ ಸೀರೆ ಉಟ್ಟು ನಡೆದಾಡುವಾಗ ಯಾರಿಗೂ ನೆನಪಾಗದ ಶಾಸ್ತ್ರ ಈಗ ಎಲ್ಲರಿಗೂ ನೆನಪಾಗಿತ್ತು. ನನಗೆ ಹಳೆಯ ಸಿಟ್ಟು ತಲೆಗೆ ಏರಿತು, ಬಾಯಿ ತೆರೆದೆ. ಚಾಚಿ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು. ಅವ್ವನ ಮುಂದೆ ಇನ್ನೊಂದು ಸಲ ಸೀರೆಯ ಸಲುವಾಗಿ ಒದರುವುದು ಬೇಡ ಎಂದು ನಾನೂ ಸುಮ್ಮನಾದೆ. ಆ ಸೀರೆ ಅವಳ ಮೈಮೇಲೆ ಎರಡು ತಾಸು ಇತ್ತು, ಆಮೇಲೆ ಅವಳ ಜೊತೆ ಮಣ್ಣಿಗೆ ಹೋಯಿತು. ಚಲೋ ಇದ್ದದ್ದು ಅವಳ ಕೈಯಲ್ಲಿ ಯಾವತ್ತೂ ನಿಲ್ಲಲಿಲ್ಲ.

ನೇರಳೆ ಸೀರೆ ನನಗೆ ಉಳಿಯಿತು. ಎರಡು ತಿಂಗಳು ಪೆಟ್ಟಿಗೆಯಲ್ಲಿ ಇಟ್ಟಿದ್ದೆ, ಮುಟ್ಟಲು ಆಗುತ್ತಿರಲಿಲ್ಲ. ಮೊನ್ನೆ ಪಂಚಮಿ ಮುಗಿದ ಮೇಲೆ ಮೊದಲ ಸಲ ಉಟ್ಟು ಸಾಲೆಗೆ ಹೋದೆ. ಗೆರೆಯನ್ನು ಅವ್ವ ಇಟ್ಟ ಜಾಗದಲ್ಲೇ, ಎದೆಯ ಮೇಲೆ ಬಿಟ್ಟಿದ್ದೆ. ಹೊಸದಾಗಿ ಬಂದಿರುವ ಟೀಚರ್ ಒಬ್ಬಳು, ಇನ್ನೂ ಹುಡುಗಿ, ಊಟದ ಹೊತ್ತಿನಲ್ಲಿ ನನ್ನ ಪಕ್ಕ ಬಂದು ಯಾರಿಗೂ ಕೇಳದಂತೆ ಹೇಳಿದಳು. ಅವಳ ಒಳ್ಳೆಯತನಕ್ಕೆ ನನಗೆ ನಾಚಿಕೆಯಾಯಿತು. ನಾನು ನನ್ನ ಅವ್ವನಿಗೆ ಹೀಗೆ ಮೆಲ್ಲಗೆ ಹೇಳಬಹುದಿತ್ತು.

"ಮೇಡಂ, ತಪ್ಪ ತಿಳ್ಕೋಬ್ಯಾಡ್ರಿ. ನಿಮ್ಮ ಸೀರಿ ಡ್ಯಾಮೇಜ್ ಐತ್ರಿ" ಎಂದಳು.

"ಹೌದ್ರಿ" ಎಂದೆ. "ನಮ್ಮದು."